ಮುಂದಿನ ವರ್ಷದ ಸೌದೆ

ಸ್ಕಾರ್‌ವಿಕ
ಫೆಬ್ರವರಿ 18, 1932

ಪ್ರಿಯ ಹಾಲ್ವರ್,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ನಾನು ಓದಿದ್ದು ಊರಿನ ಚಿಕ್ಕ ಶಾಲೆಯಲ್ಲಿ, ಅದೂ ವಾರ ಬಿಟ್ಟು ವಾರ. ಕಾಗುಣಿತ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ನಿನ್ನ ಜೊತೆಗಾರ ಆಂಟನ್‌ಗೆ ಮಾತ್ರ ತೋರಿಸಬೇಡ. ಸಾಲುಗಳು ವಾಲಿರುವುದಕ್ಕೆ ಶಾಲೆ ಕಾರಣವಲ್ಲ. ಶಾಯಿ ಹೆಪ್ಪುಗಟ್ಟುತ್ತದೆಂದು ದೌತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಲೇಖನಿ ಅದ್ದಬೇಕಾದಾಗಲೆಲ್ಲ ತೋಳೆತ್ತಬೇಕು, ತೋಳೆತ್ತಿದಾಗಲೆಲ್ಲ ಚಳಿ ಒಳಗೆ ನುಗ್ಗುತ್ತದೆ.

ನೀನು ಮೀನು ಹಿಡಿಯಲು ಹೋದ ಮೇಲೆ ಚಳಿ ಸಡಿಲವಾದದ್ದು ಒಂದೇ ದಿನ. ಜನವರಿ ಕೊನೆಯಲ್ಲಿ ಒಂದು ದಿನ ಮಳೆ ಬಂತು, ಮರುದಿನವೇ ಎಲ್ಲ ಗಾಜಾಯಿತು. ಬಾವಿಯ ಹಗ್ಗ ಕೋಲಿನ ಹಾಗೆ ನಿಂತಿದೆ. ನಮ್ಮ ಮೇಕೆ ಗುಲ್ಲಾಳ ಗಡ್ಡದಲ್ಲಿ ಮಂಜಿನ ಗೆಜ್ಜೆ. ಪಕ್ಕದ ಮನೆಯ ಬೆರಿತಜ್ಜಿ, ಅವರ ಮಗ ಆಂಟನ್ ಹುಟ್ಟಿದ ವರ್ಷದಿಂದ ಇಂಥ ಚಳಿ ನೋಡಿಲ್ಲವಂತೆ. ಆ ವರ್ಷವೂ ಎರಡು ಕೆಟ್ಟದ್ದು ಒಟ್ಟಿಗೆ ಬಂದಿತ್ತಂತೆ. ಇದನ್ನೂ ಆಂಟನ್‌ಗೆ ತೋರಿಸಬೇಡ.

ವಿಷಯಕ್ಕೆ ಬರುತ್ತೇನೆ. ಕೊಟ್ಟಿಗೆಯಲ್ಲಿದ್ದ ಒಣಸೌದೆ ಮುಗಿಯುತ್ತಾ ಬಂದಿದೆ. ಗೋಡೆಗೆ ಒರಗಿಸಿದ ಕೊನೆಯ ಸಾಲು ನನ್ನ ಸೊಂಟದವರೆಗೆ ಇದೆ, ಅಷ್ಟೇ. ನಾನು ದುಂದು ಮಾಡಿಲ್ಲ. ಮಲಗುವ ಕೋಣೆಯ ಬಾಗಿಲು ಮುಚ್ಚಿ ಅಡುಗೆಮನೆಯಲ್ಲೇ ಮಲಗುತ್ತೇನೆ. ಆದ್ದರಿಂದ ಕೇಳುತ್ತಿದ್ದೇನೆ: ಅಂಗಳದಲ್ಲಿರುವ ದೊಡ್ಡ ಬಣವೆಯಿಂದ ಸೌದೆ ತೆಗೆಯಲೇ? ಸೂರಿನೆತ್ತರ ನಿಂತಿದೆ. ಹಡಗು ನಿಲ್ಲುವ ಧಕ್ಕೆಯಿಂದ ಬರುವವರೆಲ್ಲ ಅದನ್ನು ನೋಡಿಯೇ ಮನೆಯೊಳಗೆ ಬರುತ್ತಾರೆ. ನನ್ನದು ಎಂದು ಹೇಳಿಕೊಳ್ಳಲು ನನಗಿನ್ನೂ ನಾಚಿಕೆ, ಅದಕ್ಕೇ ಕೇಳಿದೆ.

ಅಮ್ಮ ಪತ್ರ ಬರೆದಿದ್ದಾಳೆ. ಮಾರ್ಚ್ ಕೊನೆಗೆ ಬಂದು ನೋಡುತ್ತಾಳಂತೆ. ಒಣಸೌದೆ ಇಲ್ಲದಿದ್ದರೆ ನೀನು ಬರುವವರೆಗೆ ತವರಿಗೆ ಕರೆದುಕೊಂಡು ಹೋಗುತ್ತಾಳಂತೆ. ಈ ವರ್ಷ ನಾನು ತಣ್ಣನೆ ಮನೆಯಲ್ಲಿ ಇರಕೂಡದಂತೆ. ನಿನಗೆ ಗೊತ್ತಲ್ಲ, ಅಮ್ಮ ಮದುವೆಗೆ ಒಪ್ಪಿದ್ದೇ ಆ ಬಣವೆಯನ್ನು ನೋಡಿ. ನಮ್ಮ ಕಡೆ ಹುಡುಗನ ಮುಖ ನೋಡುವುದಕ್ಕೆ ಮುಂಚೆ ಅವನು ಸೌದೆ ಒಟ್ಟಿದ್ದನ್ನು ನೋಡುತ್ತಾರೆ. ಅವತ್ತು ಅವಳು ಅದರ ಮುಂದೆ ನಿಂತು ಬಹಳ ಹೊತ್ತು ಏನೂ ಹೇಳಲಿಲ್ಲ. ಅವಳು ಏನೂ ಹೇಳದಿರುವುದೆಂದರೆ ಹೊಗಳಿದ ಹಾಗೆ.

ನನಗೆ ತವರಿಗೆ ಹೋಗುವ ಮನಸ್ಸಿಲ್ಲ. ಮದುವೆಯಾಗಿ ಮೂರು ತಿಂಗಳಿಗೇ ಪೆಟ್ಟಿಗೆ ಹೊತ್ತು ಹಿಂದಿರುಗಿದವಳು ಎಂದರೆ ಧಕ್ಕೆಯ ಮೇಲಿನ ಜನ ಸೌದೆಯ ಕಾರಣ ಕೇಳುವುದಿಲ್ಲ, ಬೇರೆ ಕಾರಣ ತಾವೇ ಹುಡುಕಿಕೊಳ್ಳುತ್ತಾರೆ. ಅಲ್ಲದೆ ಇದು ನನ್ನ ಮನೆ. ಒಲೆ ಹೊಗೆಯಾಡಿದರೂ ನನ್ನದೇ ಒಲೆ.

ದೋಣಿಮನೆಯಲ್ಲಿ ನಿನ್ನ ಅಜ್ಜನ ಚಿಕ್ಕ ದೋಣಿ ಇದ್ದ ಜಾಗದಲ್ಲಿ ಬಟ್ಟೆ ಒಣಹಾಕುತ್ತಿದ್ದೇನೆ. ಅದನ್ನು ಬೂಡೋ ಪೇಟೆಯ ಯಾರಿಗೋ ಮಾರಿದ್ದು ಒಳ್ಳೆಯದೇ ಆಯಿತು, ಜಾಗ ಅಗಲವಾಗಿದೆ.

ಕೈಗವಸು ಒದ್ದೆಯಾದರೆ ಹಾಕಿಕೊಳ್ಳಬೇಡ.

ಸಿಗ್ನೆ

*

ಲೋಫೋಟನ್, ಮೀನುಗಾರರ ಬಿಡಾರ
ಫೆಬ್ರವರಿ 26

ಪ್ರಿಯ ಸಿಗ್ನೆ,

ನಿನ್ನ ಪತ್ರವನ್ನು ಆಂಟನ್‌ಗೆ ತೋರಿಸಲಿಲ್ಲ. ನಾನು ಓದುವಾಗ ಅವನೇ ಹಿಂದೆ ನಿಂತು ಓದಿದ. ತನ್ನ ಅಮ್ಮನ ಮಾತು ಅವನಿಗೆ ಹೊಸದಲ್ಲವಂತೆ.

ಇಲ್ಲಿ ಮೀನು ಬರುತ್ತಿದೆ, ಆದರೆ ನಮ್ಮ ಬಲೆಯ ಪಕ್ಕದ ಬಲೆಗೆ. ನಾಳೆ ನಮ್ಮದಕ್ಕೂ ಬರುತ್ತದೆ. ಬಿಡಾರ ಬೆಚ್ಚಗಿದೆ. ಒಂದು ಹಾಸಿಗೆಯಲ್ಲಿ ಇಬ್ಬರು ಮಲಗುತ್ತೇವೆ, ಆಂಟನ್‌ನ ಪಕ್ಕ ಮಲಗಿದವನಿಗೆ ಒಲೆ ಬೇಕಿಲ್ಲ, ಕಿವಿಗೆ ಹತ್ತಿ ಬೇಕು.

ಸೌದೆಯ ವಿಷಯ. ದೊಡ್ಡ ಬಣವೆಯನ್ನು ಮುಟ್ಟಬೇಡ. ಅದು ಮುಂದಿನ ವರ್ಷದ ಸೌದೆ. ವಸಂತ ಬಂದಾಗಲೂ ಅಂಗಳದಲ್ಲಿ ಮುಂದಿನ ವರ್ಷದ ಸೌದೆ ನಿಂತಿದ್ದರೆ ಮಾತ್ರ ಅದು ಮನೆ ಅನ್ನಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಬಿಡಾರ. ನಾನು ಬಿಡಾರದಲ್ಲಿದ್ದೇನೆ, ನೀನು ಮನೆಯಲ್ಲಿರು.

ಕೊಟ್ಟಿಗೆಯದು ಮುಗಿದರೆ ಆಲೂಗಡ್ಡೆ ಹೊಲದ ಹಳೆಯ ಬೇಲಿ ತೆಗೆದು ಉರಿಸು. ಅಪ್ಪ ಹಾಕಿದ ಬೇಲಿ, ಚೆನ್ನಾಗಿ ಒಣಗಿದೆ. ನಾನು ಬಂದು ಹೊಸದು ಹಾಕುತ್ತೇನೆ. ಕೊಟ್ಟಿಗೆಯ ನೆಲಹಲಗೆಯ ಕೆಳಗೂ ಚೂರುಪಾರು ಇರಬಹುದು.

ಅತ್ತೆಯವರು ಬಂದರೆ ಬಣವೆಯನ್ನು ತೋರಿಸು, ಆದರೆ ದಾರಿಯಲ್ಲಿ ನಿಂತು ತೋರಿಸು. ಹಿಂದುಗಡೆ ಹೋಗಲು ಬಿಡಬೇಡ. ಅಲ್ಲಿ ಜಾರುತ್ತದೆ. ಅವರ ವಯಸ್ಸಿಗೆ ಅದು ಒಳ್ಳೆಯದಲ್ಲ. ಮುಂದುಗಡೆಯಿಂದ ಬೆಳಕೂ ಚೆನ್ನಾಗಿ ಬೀಳುತ್ತದೆ.

ದೋಣಿ ಮಾರಿದ್ದು ಒಳ್ಳೆಯದಾಯಿತು ಎಂದು ನನಗೂ ಅನ್ನಿಸುತ್ತದೆ. ಆ ಮಾತು ಅಲ್ಲಿಗೆ ಬಿಡೋಣ.

ನಿನ್ನ
ಹಾಲ್ವರ್

*

ಸ್ಕಾರ್‌ವಿಕ
ಮಾರ್ಚ್ 4

ಪ್ರಿಯ ಹಾಲ್ವರ್,

ನೀನು ಹೇಳಿದ ಹಾಗೆ ಬೇಲಿ ತೆಗೆದು ಉರಿಸಿದೆ. ನಿನ್ನ ಅಪ್ಪ ಒಳ್ಳೆಯ ಬೇಲಿ ಹಾಕಿದ್ದರು. ಮನೆ ನಾಲ್ಕು ದಿನ ಬೆಚ್ಚಗಿತ್ತು. ಆದರೆ ಬೇಲಿ ಇದ್ದದ್ದು ಗುಲ್ಲಾ ಆಚೆ ಹೋಗದಿರಲಿ ಎಂದು, ಅದನ್ನು ನಾವಿಬ್ಬರೂ ಮರೆತಿದ್ದೆವು.

ಗುಲ್ಲಾ ಮರೆತಿರಲಿಲ್ಲ. ನಾನು ಕೊಟ್ಟಿಗೆಯ ಬಾಗಿಲು ತೆಗೆದು ಮೇವು ತರುವಷ್ಟರಲ್ಲಿ ಬೆರಿತಜ್ಜಿಯ ಅಂಗಳ ಸೇರಿ, ಹಗ್ಗದ ಮೇಲಿದ್ದ ಕಾಲುಚೀಲವೊಂದನ್ನು ಹಿಮ್ಮಡಿಯವರೆಗೆ ತಿಂದಿತ್ತು. ಅಜ್ಜಿ ಉಳಿದದ್ದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ನಾನು ತಲೆ ತಗ್ಗಿಸಿ ನಿಂತೆ. "ನಿನ್ನ ಮೇಲೆ ಸಿಟ್ಟಿಲ್ಲ ಕಣಮ್ಮ, ಆದ್ರೆ ಜೋಡಿಲಿ ಒಂದೇ ತಿಂದ್ರೆ ಇನ್ನೊಂದನ್ನ ನಾನೇನ್ ಮಾಡ್ಲಿ? ಎರಡನ್ನೂ ತಿನ್ನೋಕೇಳು" ಅಂದರು. ಈಗ ಅವರಿಗೊಂದು ಜೋಡಿ ಹೆಣೆಯುತ್ತಿದ್ದೇನೆ.

ಅಷ್ಟರಲ್ಲಿ ಗುಲ್ಲಾ ಮತ್ತೆ ಮಾಯ. ಮಧ್ಯಾಹ್ನವಿಡೀ ಹುಡುಕಿದೆ. ದಡದಲ್ಲಿ ಇಲ್ಲ, ದೋಣಿಮನೆಯಲ್ಲಿ ಇಲ್ಲ. ಕೊನೆಗೆ ಕೂಗು ಕೇಳಿಸಿತು, ಬಹಳ ಹತ್ತಿರದಿಂದ, ಆದರೆ ಮೇಕೆ ಕಾಣುತ್ತಿಲ್ಲ. ಎಲ್ಲಿ ಸಿಕ್ಕಿತು ಎಂದು ಇನ್ನೊಂದು ಸಲ ಬರೆಯುತ್ತೇನೆ. ಗಾಳಿ ಬೀಸದ, ಒಣ ಜಾಗದಲ್ಲಿತ್ತು. ಆರಾಮವಾಗಿತ್ತು.

ನೀನು ಬಣವೆ ಮುಟ್ಟಬೇಡ ಎಂದಿದ್ದೆ. ನಾನು ಮುಟ್ಟಲಿಲ್ಲ, ಹಿಂದುಗಡೆಯಿಂದ ಗುಲ್ಲಾ ಮುಟ್ಟಿತು. ತೊಗಟೆ ತಿನ್ನಲು ಹೋಗಿ ಒಂದಷ್ಟು ಸೌದೆ ಕೆಡವಿತ್ತು. ಎತ್ತಿ ಇಡುವಾಗ ಎರಡನ್ನು ಒಂದಕ್ಕೊಂದು ತಟ್ಟಿ ನೋಡಿದೆ. ಅಮ್ಮ ಯಾವಾಗಲೂ ಹಾಗೆ ಮಾಡುತ್ತಾಳೆ. ಒಣಗಿದ ಬರ್ಚ್ ಮರವಾದರೆ ಟಣ್ ಅನ್ನಬೇಕು. ಇದು ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ದಪ್ ಎಂದಿತು. ಒಂದನ್ನು ಒಲೆಗೆ ಹಾಕಿದೆ. ಅದು ಉರಿಯಲಿಲ್ಲ, ಅತ್ತಿತು. ಎರಡು ತುದಿಯಿಂದಲೂ ನೀರು ಸುರಿಸಿ ಇದ್ದ ಬೆಂಕಿಯನ್ನೂ ಆರಿಸಿತು. ನನಗೆ ಸೌದೆಯ ವಿಷಯ ಅಷ್ಟು ತಿಳಿಯದು. ಮುಂದಿನ ವರ್ಷದ್ದು ಎಂದು ನೀನು ಹೇಳಿದ್ದು ಸರಿಯೇ ಇರಬೇಕು. ಈ ವರ್ಷದ್ದಂತೂ ಅಲ್ಲ.

ಚಿಂತೆ ಮಾಡಬೇಡ. ಒಣಗಿದ್ದು ಬೇರೆ ಕಡೆ ಸ್ವಲ್ಪ ಸಿಕ್ಕಿದೆ.

ಬೆಳಿಗ್ಗೆ ಕಾಫಿ ರುಚಿಸುತ್ತಿಲ್ಲ. ಒಣಮೀನಿನ ವಾಸನೆಯೂ ಆಗುತ್ತಿಲ್ಲ. ಹೊಗೆಯಿಂದ ಇರಬಹುದು.

ಸಿಗ್ನೆ

*

ಲೋಫೋಟನ್
ಮಾರ್ಚ್ 12

ಪ್ರಿಯ ಸಿಗ್ನೆ,

ಒಣಗಿದ್ದು ಬೇರೆ ಕಡೆ ಸಿಕ್ಕಿದೆ ಎಂದರೆ ಎಲ್ಲಿ?

ಕೇಳುವುದಕ್ಕೆ ಕಾರಣವಿದೆ. ಬೆರಿತಜ್ಜಿ ಆಂಟನ್‌ಗೆ ಬರೆದಿದ್ದಾರೆ. ನಮ್ಮ ಚಿಮಣಿಯಿಂದ ಈಚೆಗೆ ಕಪ್ಪು ಹೊಗೆ ಬರುತ್ತಿದೆಯಂತೆ, ಊರೆಲ್ಲ ಡಾಂಬರಿನ ವಾಸನೆಯಂತೆ. ಹಿಮದ ಮೇಲೆ ಮಸಿ ಬಿದ್ದು ಅವರ ಬಿಳಿ ಬೆಕ್ಕು ಬೂದು ಬಣ್ಣಕ್ಕೆ ತಿರುಗಿದೆಯಂತೆ. ನಾನು ರಾತ್ರಿಯೆಲ್ಲ ಯೋಚಿಸಿದೆ. ಡಾಂಬರು ಬಳಿದದ್ದು ನಮ್ಮಲ್ಲಿ ಒಂದೇ ಇದೆ, ದೋಣಿಮನೆಯ ಗೋಡೆ. ಸಿಗ್ನೆ, ದೋಣಿಮನೆಯನ್ನು ಉರಿಸಬೇಡ. ನನಗೆ ಸಿಟ್ಟು ಬಂದಿಲ್ಲ. ಆದರೆ ಮಳೆ ಬೀಳುವ ಕಡೆಯ ಗೋಡೆಯನ್ನಾದರೂ ಬಿಡು.

ಬಣವೆಯ ವಿಷಯದಲ್ಲಿ ಇನ್ನೆರಡು ಮಾತು. ಅದನ್ನು ನಾನು ಒಂದು ಲೆಕ್ಕದಲ್ಲಿ ಒಟ್ಟಿದ್ದೇನೆ. ಒಂದು ಸೌದೆ ಎಳೆದರೂ ಪೂರ್ತಿ ಕುಸಿದು ನಿನ್ನ ಮೇಲೆ ಬೀಳುತ್ತದೆ. ಅಲ್ಲದೆ ಗಂಡ ಕಡಲಲ್ಲಿರುವಾಗ ಹೆಂಡತಿ ಬಣವೆ ಬಿಚ್ಚುವುದು ಒಳ್ಳೆಯದಲ್ಲ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಇದನ್ನು ಬರೆಯುವಾಗ ಗಟ್ಟಿಯಾಗಿ ಓದಿಕೊಂಡೆ, ಆಂಟನ್ ನಕ್ಕು ನಕ್ಕು ಮೇಲಿನ ಹಾಸಿಗೆಯಿಂದ ಬಿದ್ದ. "ನಿಮ್ಮಜ್ಜ ಇದನ್ಯಾವಾಗ ಹೇಳಿದ್ರೋ, ಸತ್ತ ಮೇಲಾ?" ಅಂದ. ಅವನ ಮಾತಿಗೆ ಗಮನ ಕೊಡಬೇಡ. ಬಣವೆ ಒಟ್ಟುವಾಗ ಅವನೂ ಜೊತೆಗಿದ್ದ, ಆದರೆ ಏನೂ ಗೊತ್ತಿಲ್ಲ ಅವನಿಗೆ.

ಹಿಂದುಗಡೆ ಗುಲ್ಲಾ ಎಷ್ಟು ಸೌದೆ ಕೆಡವಿತು? ಒಂದು ಸಾಲೋ, ಎರಡು ಸಾಲೋ? ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಕಾಫಿ ರುಚಿಸುತ್ತಿಲ್ಲ ಎಂದು ಬರೆದೆ. ನಮ್ಮ ಅಂಗಡಿಯವನು ಹುರಿದ ಬಟಾಣಿ ಬೆರೆಸುತ್ತಾನೆ ಎಂದು ನನಗೆ ಮೊದಲಿಂದಲೂ ಅನುಮಾನ. ಇಲ್ಲಿ ಒಳ್ಳೆಯ ಕಾಫಿ ಸಿಕ್ಕಿತು, ಹಡಗಿನಲ್ಲಿ ಕಳಿಸಿದ್ದೇನೆ. ದಿನಕ್ಕೆ ನಾಲ್ಕು ಸಲ ಕುಡಿ. ಜೊತೆಗೆ ಒಂದು ದೊಡ್ಡ ಒಣಮೀನೂ ಇಟ್ಟಿದ್ದೇನೆ.

ನಿನ್ನ
ಹಾಲ್ವರ್

*

ಸ್ಕಾರ್‌ವಿಕ
ಮಾರ್ಚ್ 18

ಪ್ರಿಯ ಹಾಲ್ವರ್,

ದೋಣಿಮನೆಯ ಒಂದು ಹಲಗೆಯನ್ನೂ ನಾನು ಮುಟ್ಟಿಲ್ಲ. ನಾಲ್ಕು ಗೋಡೆಯೂ ಇವೆ. ಬೇಕಾದರೆ ಬೆರಿತಜ್ಜಿ ಎಣಿಸಿ ಬರೆಯುತ್ತಾರೆ. ಹೇಗಿದ್ದರೂ ಅವರು ಎಲ್ಲವನ್ನೂ ಎಣಿಸುತ್ತಾರೆ.

ಮನೆ ಈಗ ಎಷ್ಟು ಬೆಚ್ಚಗಿದೆ ಎಂದರೆ ನಾನು ಅಂಗಿಯ ತೋಳು ಮಡಚಿಕೊಂಡು ಕೆಲಸ ಮಾಡುತ್ತೇನೆ. ಕಿಟಕಿಯ ಮಂಜು ಕರಗಿ ಆಚೆ ಕಾಣುತ್ತಿದೆ. ಅಜ್ಜಿ ದಿನವೂ ಸಂಜೆ ಹೆಣಿಗೆ ಹಿಡಿದುಕೊಂಡು ಬಂದು ನಮ್ಮ ಒಲೆಯ ಪಕ್ಕ ಕೂರುತ್ತಾರೆ. ಮೊದಲು ಹೊಗೆಯನ್ನು ಬೈಯಲು ಬಂದಿದ್ದರು, ಆಮೇಲೆ ಶಾಲು ತೆಗೆದರು, ಆಮೇಲೆ ಬೂಟು ತೆಗೆದರು. ನಿನ್ನೆ ಕಣ್ಣು ಮುಚ್ಚಿಕೊಂಡು ಹೇಳಿದರು: "ನಿಮ್ಮನೇಲಿ ಕೂತ್ರೆ ನಮ್ ಯಜಮಾನ್ರು ಕಡಲಿಂದ ಈಗ ತಾನೇ ಬಂದು ಪಕ್ಕದಲ್ಲಿ ಕೂತ ಹಾಗಿರುತ್ತೆ ಕಣೇ. ಅದೇ ವಾಸನೆ. ಮಾತು ಮಾತ್ರ ಇಲ್ಲ, ಅದೂ ಒಳ್ಳೇದೇ."

ಕಾಫಿಗೂ ಮೀನಿಗೂ ಉಪಕಾರ. ಕಾಫಿಯನ್ನು ಅಜ್ಜಿ ಕುಡಿಯುತ್ತಾರೆ. ಮೀನನ್ನು ಮನೆಯಾಚೆ ನೇತುಹಾಕಿದ್ದೇನೆ, ಬಹಳ ಆಚೆ.

ಗುಲ್ಲಾ ಕೆಡವಿದ್ದನ್ನೆಲ್ಲ ಎತ್ತಿಟ್ಟಿದ್ದೇನೆ. ಮುಂದುಗಡೆ ನೀನು ಬಿಟ್ಟುಹೋದಾಗ ಹೇಗಿತ್ತೋ ಹಾಗೇ ಇದೆ. ಬಣವೆ ಕುಸಿಯುವುದಿಲ್ಲ. ಜನವರಿಯ ಮಳೆ ಸೌದೆಯ ಸಂದಿಗೆಲ್ಲ ಇಳಿದು ಹೆಪ್ಪುಗಟ್ಟಿದೆ. ಈಗ ಅದು ಚರ್ಚಿನ ಕಲ್ಲು ಕಮಾನಿನ ಹಾಗೆ ಒಂದೇ ತುಂಡು. ಅಡಿಯಲ್ಲಿ ಏನಿದ್ದರೂ ಇಲ್ಲದಿದ್ದರೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಮ್ಮ ಮತ್ತೆ ಬರೆದಿದ್ದಾಳೆ. ಮುಂದಿನ ವಾರ ಕಳೆದ ಮೇಲಿನ ಮಂಗಳವಾರದ ಹಡಗಿಗೆ ಬರುತ್ತಾಳೆ, ದೊಡ್ಡ ಪೆಟ್ಟಿಗೆ ತರುತ್ತಾಳಂತೆ. ಅಷ್ಟೇ ಬರೆದಿದ್ದಾಳೆ, ಪೆಟ್ಟಿಗೆ ಯಾಕೆಂದು ಬರೆದಿಲ್ಲ. ಬರೆಯಬೇಕಾಗಿಲ್ಲ. ನನ್ನ ಬಟ್ಟೆ, ಹಾಸಿಗೆ, ಕಂಬಳಿ ಎಲ್ಲ ಅದರಲ್ಲಿ ಹಿಡಿಸುತ್ತದೆ. ನಾನು ಈಗಿನಿಂದಲೇ ಹೇಳಬೇಕಾದ ಮಾತನ್ನು ಗುಲ್ಲಾಳ ಮುಂದೆ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ನಿನಗೆ ಗೊತ್ತಲ್ಲ, ಅಮ್ಮನ ಮುಂದೆ ನನ್ನ ಬಾಯಿ ತೆರೆಯುವುದಿಲ್ಲ. ಗುಲ್ಲಾ ಒಪ್ಪಿದೆ.

ಒಂದು ಮಾತು ಕೇಳುವುದಿತ್ತು. ನೀನು ಬೂಡೋದವನಿಗೆ ಮಾರಿದ ಆ ಅಜ್ಜನ ದೋಣಿಗೆ ಬಾಗುಮರದ ಪಕ್ಕೆಲುಬು ಎಷ್ಟಿದ್ದವು? ಅದರ ಅಡಿಮರ ಯಾವ ಮರದ್ದು? ಗರಗಸ ಅದರ ಮೇಲೆ ಓಡುವುದು ಕಷ್ಟವೇ? ಏನೋ ಕೇಳಬೇಕೆನಿಸಿತು, ಅಷ್ಟೇ.

ಸಿಗ್ನೆ

*

ಲೋಫೋಟನ್
ಮಾರ್ಚ್ 25

ಸಿಗ್ನೆ,

ಆರು. ಅಡಿಮರ ಪೈನ್. ಗರಗಸಕ್ಕೆ ಕೊಬ್ಬು ಸವರಬೇಕು. ಯಾಕೆ ಕೇಳಿದೆ? ನಾನೂ ಸುಮ್ಮನೆ ಕೇಳುತ್ತಿದ್ದೇನೆ.

ತಾನು ಹೇಳಿಲ್ಲ ಎಂದು ಆಂಟನ್ ಆಣೆ ಮಾಡುತ್ತಾನೆ.

ಅತ್ತೆಯವರನ್ನು ಬಣವೆಯ ಹತ್ತಿರ ಬಿಡಬೇಡ. ಧಕ್ಕೆಯಿಂದ ನೇರವಾಗಿ ಒಳಗೆ ಕರೆದುಕೊಂಡು ಹೋಗು, ಕೈ ಹಿಡಿದುಕೊಂಡು, ಮಾತಾಡಿಸುತ್ತಾ. ನಿನಗೆ ಮಾತು ಬರುವುದಿಲ್ಲವೆಂದು ಗೊತ್ತು, ಆದರೆ ಅಷ್ಟು ದೂರಕ್ಕಾದರೂ ಏನಾದರೂ ಆಡು. ನಾನು ಬರೋಣವೆಂದರೆ ದೋಣಿಯ ಯಜಮಾನ ಏಪ್ರಿಲ್ ನಡುವಿನವರೆಗೆ ಯಾರನ್ನೂ ಬಿಡುವುದಿಲ್ಲ.

ದೋಣಿ ತಿರುಗಿಸಿಕೊಂಡು ನಮ್ಮ ಕೊಲ್ಲಿಗೆ ಬಂದಾಗ ಮೊದಲು ಕಾಣುವುದು ನಮ್ಮ ಚಿಮಣಿ. ನಾನು ಬರುವ ದಿನ ಅದರಲ್ಲಿ ಹೊಗೆ ಇರಬೇಕು. ಕಪ್ಪಾಗಿದ್ದರೂ ಸರಿ.

ಹಾಲ್ವರ್

*

ಸ್ಕಾರ್‌ವಿಕ
ಏಪ್ರಿಲ್ 3

ಪ್ರಿಯ ಹಾಲ್ವರ್,

ಅಮ್ಮ ಬಂದಳು. ಎಲ್ಲವನ್ನೂ ಬರೆಯುತ್ತೇನೆ. ಶಾಯಿ ಈಗ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ಸಾಲುಗಳು ನೆಟ್ಟಗಿವೆ. ಕಾಗುಣಿತದ ಭರವಸೆ ಕೊಡಲಾರೆ.

ಮೊದಲು ನನ್ನ ಕಡೆಯದು. ಗುಲ್ಲಾ ಅವತ್ತು ಸಿಕ್ಕಿದ್ದು ಬಣವೆಯ ಒಳಗೆ. ಬಣವೆಯೇ ಮೇಕೆಯ ದನಿಯಲ್ಲಿ ಕೂಗುತ್ತಿತ್ತು. ಹಿಂದುಗಡೆಯ ತೂತಿನಲ್ಲಿ ತಲೆ ಹಾಕಿ ನೋಡಿದೆ. ಹೆರಿಂಗ್ ಮೀನು ತುಂಬುವ ಎರಡು ಪೀಪಾಯಿಗಳ ಮೇಲೆ ನಿನ್ನ ಅಜ್ಜನ ದೋಣಿ ಮಗುಚಿ ಕೂತಿದೆ, ಅದರ ಕೆಳಗೆ ಗುಲ್ಲಾ ಕೂತಿದೆ. ಹೊರಗಿನ ಸೌದೆ ಎಲ್ಲ ಒಂದೇ ವರಸೆ. ಅದೂ ನೀನು ನಿಶ್ಚಯದ ಹೊತ್ತಿಗೆ ಶರತ್ಕಾಲದಲ್ಲಿ ಕಡಿದ ಹಸಿಮರ. ಮೊದಲು ನಗು ಬಂತು. ನಕ್ಕದ್ದಕ್ಕೆ ಬಾಯಿಂದ ಆವಿ ಬಂತು, ಆವಿ ನೋಡಿ ಚಳಿ ನೆನಪಾಯಿತು. ಆಮೇಲೆ ದೋಣಿಯ ಹಲಗೆಯನ್ನು ಬೆರಳಲ್ಲಿ ತಟ್ಟಿದೆ. ಟಣ್ ಎಂದಿತು.

ದಿನಕ್ಕೊಂದು ಹಲಗೆ ಬಿಚ್ಚಿದೆ. ಇಡೀ ಊರಿನಲ್ಲಿ ಅಷ್ಟು ಒಣಗಿದ ಸೌದೆ ಇರಲಿಲ್ಲ. ನಿನಗೆ ಹೇಳದಿದ್ದುದು ಯಾಕೆಂದರೆ, ನೀನು ಕೊಡುತ್ತಿದ್ದ ಕಾರಣಗಳು ವಾರವಾರಕ್ಕೂ ಚೆನ್ನಾಗುತ್ತಿದ್ದವು. ನಿಲ್ಲಿಸಲು ಮನಸ್ಸು ಬರಲಿಲ್ಲ.

ಈಗ ಅಮ್ಮನ ಕಡೆಯದು. ಮಂಗಳವಾರ ಬೆಳಿಗ್ಗೆ ದಕ್ಷಿಣದ ಗಾಳಿ ತಿರುಗಿ ಸೂರಿನಿಂದೆಲ್ಲ ನೀರು ತೊಟ್ಟಿಕ್ಕುತ್ತಿತ್ತು. ಎರಡು ತಿಂಗಳಿಂದ ಬೇಡಿಕೊಂಡ ಬಿಸಿಲು ಅದೇ ದಿನ ಬರಬೇಕೇ ಎಂದುಕೊಂಡು ಧಕ್ಕೆಗೆ ಹೋದೆ. ಪೆಟ್ಟಿಗೆ ನಾನೆಣಿಸಿದ್ದಕ್ಕಿಂತ ದೊಡ್ಡದಿತ್ತು. ಅಮ್ಮ ಅದರ ಮೇಲೆ ಕೈಯಿಟ್ಟು, ಅಡ್ಡ ಮಲಗಿಸಬೇಡಿ ಎಂದು ಹಡಗಿನವರನ್ನು ಗದರಿಸುತ್ತಿದ್ದಳು. ನೀನು ಹೇಳಿದ ಹಾಗೆ ಕೈ ಹಿಡಿದು ಮಾತಾಡಿಸಿದೆ. ಹವೆ ಬದಲಾಯಿತು ಎಂದೆ. ಬೆಕ್ಕು ಬೂದಾಯಿತು ಎಂದೆ. ಅಲ್ಲಿಗೆ ನನ್ನ ಮಾತು ಮುಗಿಯಿತು. ಬಣವೆ ಇನ್ನೂ ಮೂವತ್ತು ಹೆಜ್ಜೆ ಆಚೆ ಇತ್ತು.

ಅಮ್ಮ ನೇರ ಅದರ ಮುಂದೆ ಹೋಗಿ ನಿಂತಳು. ಎರಡು ಸೌದೆ ಎಳೆದು ಒಂದಕ್ಕೊಂದು ತಟ್ಟಿದಳು. ದಪ್.

"ಇದು ಸೌದೆನೇನೇ, ಆಲೂಗಡ್ಡೆನಾ?" ಅಂದಳು.

ನಾನು ಉತ್ತರ ಹುಡುಕುತ್ತಿರುವಾಗ ಬಣವೆಯೇ ಉತ್ತರ ಕೊಟ್ಟಿತು. ಒಂದು ಉಸಿರು ಬಿಟ್ಟ ಹಾಗೆ ಸದ್ದಾಯಿತು. ಗುಲ್ಲಾ ಹಿಂದಿನಿಂದ ನೆಗೆದು ಓಡಿತು. ಆಮೇಲೆ ಬಣವೆ, ವಯಸ್ಸಾದವರು ಕುರ್ಚಿಯಲ್ಲಿ ಕೂರುತ್ತಾರಲ್ಲ, ಹಾಗೆ ನಿಧಾನವಾಗಿ ಕೂತುಬಿಟ್ಟಿತು. ಒಂದು ಸೌದೆ ಎಳೆದರೆ ಪೂರ್ತಿ ಕುಸಿಯುತ್ತದೆ ಎಂದು ನೀನು ಬರೆದದ್ದು ಒಂದೇ ನಿಜವಾಯಿತು. ನಡುವೆ ದೋಣಿಯ ಅಡಿಮರವೂ ಪಕ್ಕೆಲುಬುಗಳೂ ಎದ್ದು ನಿಂತಿದ್ದವು, ತಿಂದು ಮುಗಿಸಿದ ಮೀನಿನ ಹಾಗೆ.

ಬೆರಿತಜ್ಜಿ ಕೋಟಿನ ಗುಂಡಿ ಹಾಕಿಕೊಳ್ಳದೆ ಓಡಿ ಬಂದರು. ಬಣವೆಯನ್ನು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. "ನನ್ ಪೀಪಾಯಿ!" ಅಂದರು. ಅವು ಕಾಣೆಯಾದಾಗ ಅಂಗಡಿಯವನ ಮೇಲೆ ಅನುಮಾನ ಪಟ್ಟು ಚಳಿಗಾಲವಿಡೀ ಅವನ ಜೊತೆ ಮಾತು ಬಿಟ್ಟಿದ್ದರಂತೆ. ಈಗ ಆಂಟನ್‌ಗೆ ಪತ್ರ ಬರೆಯುತ್ತಾರೆ. ಅವನನ್ನು ಮೊದಲೇ ಎಚ್ಚರಿಸು, ಅಥವಾ ಬೇಡ.

ಅಮ್ಮ ಸುತ್ತಲೂ ನಡೆದು ನೋಡಿದಳು. ಒಳಗೇನಿತ್ತು ಎಂದು ಕೇಳಿದಳು. ದೋಣಿ ಎಂದೆ. ಅದೆಲ್ಲಿ ಎಂದಳು. ಒಲೆಗೆ ಎಂದೆ. ಗುಲ್ಲಾಳ ಮುಂದೆ ಅಭ್ಯಾಸ ಮಾಡಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಆಗ ಧಕ್ಕೆಯ ಕಡೆಯಿಂದ ಹಡಗಿನ ಆಳು ಪೆಟ್ಟಿಗೆ ಎಳೆದುಕೊಂಡು ಬಂದು ಅಂಗಳದಲ್ಲಿ ಇಳಿಸಿದ. ನಾನು ಅದನ್ನೇ ನೋಡುತ್ತಾ, ಕಣ್ಣಲ್ಲಿ ನೀರು ಬಂದು, "ನಾನು ಬರಲ್ಲಮ್ಮ. ಪೆಟ್ಟಿಗೆ ಖಾಲಿಯೇ ತಗೊಂಡ್ಹೋಗು" ಎಂದುಬಿಟ್ಟೆ. ಇಷ್ಟು ಜೋರಾಗಿ ಅಮ್ಮನ ಜೊತೆ ಎಂದೂ ಮಾತಾಡಿರಲಿಲ್ಲ.

ಪೆಟ್ಟಿಗೆ "ಕೊಕ್ಕೊಕ್ಕೋ" ಎಂದಿತು.

ಅಮ್ಮನ ಮುಖ ಕೆಂಪಾಯಿತು. ಅವಳು ನಾಚಿದ್ದನ್ನು ನಾನು ಮೊದಲ ಸಲ ನೋಡಿದ್ದು. ಒಳಗೆ ಬಂದು ಒಲೆಯ ಪಕ್ಕ ಕೂತಳು. ಮೇಲಿನ ಶಾಲು ತೆಗೆದಳು, ಅದರ ಕೆಳಗಿನ ಶಾಲು ತೆಗೆದಳು, ಅಪ್ಪನ ಹಳೆಯ ಕೋಟು ತೆಗೆದಳು. ಆಮೇಲೆ ಬೆಂಕಿಯ ಕಡೆ ತಿರುಗಿ, ನನ್ನ ಕಡೆ ಅಲ್ಲ, ಹೇಳಿದಳು: "ನಮ್ಮನೇಲಿ ಒಣಸೌದೆ ಮುಗಿದು ತಿಂಗಳಾಯ್ತು. ಬೆಂಚು ಉರಿಸ್ದೆ. ಮೊನ್ನೆ ಕೋಳಿಗೂಡೂ ಮುಗೀತು. ಕೋಳಿಗಳನ್ನ ಎಲ್ಲಿಡ್ಲಿ?"

ನನ್ನನ್ನು ಕರೆದುಕೊಂಡು ಹೋಗಲು ಬಂದವಳಲ್ಲ ಅವಳು. ಐದು ಕೋಳಿ, ಒಂದು ಹುಂಜದ ಜೊತೆ ಇಲ್ಲಿರಲು ಬಂದವಳು. ಬರೆಯಲು ಅಭಿಮಾನ ಅಡ್ಡ ಬಂದಿತ್ತು. ಅಷ್ಟೆಲ್ಲ ಬೆದರಿಸಿದ ಮೇಲೆ ಯಾರಿಗಾದರೂ ಬರುತ್ತದೆ.

ಹೊಟ್ಟೆ ತುಂಬಿ ಮೈ ಬೆಚ್ಚಗಾದ ಮೇಲೆ ನಿನ್ನ ವಿಚಾರಣೆ ನಡೆಯಿತು. ಬೆರಿತಜ್ಜಿಯೂ ಕೂತಿದ್ದರು. ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಅಮ್ಮ ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇನೆ. "ಮೋಸ ಮಾಡೋರನ್ನ ನಾನೂ ನೋಡಿದೀನಿ. ಒಣಗಿದ್ದನ್ನ ಹೊರಗಿಡ್ತಾರೆ, ಹಸಿದನ್ನ ಒಳಗೆ ಬಚ್ಚಿಡ್ತಾರೆ. ಇವನು ನೋಡು, ಹಸಿದನ್ನ ಹೊರಗಿಟ್ಟು ಒಣಗಿದ್ದನ್ನ ಒಳಗಿಟ್ಟಿದಾನೆ. ನನ್ ಕಣ್ಣು ಅವತ್ತು ಮಂಕಾಗಿತ್ತು, ಒಂದು ಸಲ ತಟ್ಟಿದ್ರೆ ಸಿಕ್ಕಿಬೀಳ್ತಿದ್ದ. ಮೋಸ ಮಾಡೋಕೂ ಬರಲ್ಲ ಪಾಪ. ಇಂಥವನ ಜೊತೆ ಧೈರ್ಯವಾಗಿ ಬಾಳ್ಬಹುದು ಬಿಡು."

ಬೆರಿತಜ್ಜಿ, ಆಂಟನ್ ಆಗಿದ್ದರೆ ಹೊರಗೂ ಹಸಿ ಒಳಗೂ ಹಸಿ ಇರುತ್ತಿತ್ತು ಎಂದರು.

ಮರುದಿನ ಇಬ್ಬರೂ ಸೇರಿ ಸೌದೆಯನ್ನು ಹೊಸದಾಗಿ ಒಟ್ಟಿದರು. ಈ ಸಲ ಗಾಳಿ ಆಡುವ ಹಾಗೆ ಸಂದು ಬಿಟ್ಟು, ತೊಗಟೆ ಮೇಲಾಗಿ. ತೊಗಟೆ ಮೇಲೋ ಕೆಳಗೋ ಎಂದು ಅರ್ಧ ದಿನ ಜಗಳವಾಯಿತು. ನನಗೆ ಒಂದು ಸೌದೆ ಎತ್ತಲೂ ಬಿಡಲಿಲ್ಲ, ಕುರ್ಚಿ ಹಾಕಿ ಕೂರಿಸಿದರು. ಬಣವೆ ಈಗ ನಿನ್ನ ಎದೆಯವರೆಗೆ ಬರುತ್ತದೆ, ಅಷ್ಟೇ. ಆದರೆ ಒಳಗೂ ಸೌದೆಯೇ ಇದೆ. ಬೇಸಿಗೆಯ ಬಿಸಿಲಿಗೆ ಒಣಗುತ್ತದೆ. ಹಾಗಾಗಿ ನೀನು ಬರೆದದ್ದರಲ್ಲಿ ಇನ್ನೊಂದೂ ನಿಜವಾಯಿತು, ಅದು ಮುಂದಿನ ವರ್ಷದ ಸೌದೆ. ನೀನು ಬರುವವರೆಗೆ ಒಲೆಗೆ ಅಡಿಮರ ಸಾಕು. ಗರಗಸಕ್ಕೆ ಕೊಬ್ಬು ಸವರಿದೆ, ಓಡುತ್ತದೆ.

ಒಂದು ಮಾತು ಎದುರಿಗೆ ಹೇಳಲಾರೆ, ಅದಕ್ಕೆ ಬರೆಯುತ್ತೇನೆ. ಅಂದು ಹೆಣ್ಣು ಕೊಡುವ ಮಾತಿಗೆ ಬಂದಾಗ ಬಣವೆ ನೋಡುತ್ತಿದ್ದವಳು ಅಮ್ಮ. ನಾನು ಬಣವೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ನೀನು ಬರುವಾಗ ಸಣ್ಣ ಮೊಳೆ ತಾ. ಒಂದು ಪೆಟ್ಟಿಗೆ ಮಾಡಬೇಕು. ಒಂದೂವರೆ ಮೊಳ ಉದ್ದ, ಅಂಚು ನುಣುಪಾಗಿರಲಿ, ಒಳಗೊಂದು ಪುಟ್ಟ ಹಾಸಿಗೆ ಹಿಡಿಸಬೇಕು. ಅವಸರವಿಲ್ಲ, ಆಗಸ್ಟ್ ತಿಂಗಳೊಳಗೆ ಆದರೆ ಸಾಕು. ಅದರ ತಳಕ್ಕೆ ಕೂರಿಸುವ ಬಾಗುಮರ ನನ್ನ ಹತ್ತಿರ ಇದೆ. ಆರು ಪಕ್ಕೆಲುಬಿನಲ್ಲಿ ನಾಲ್ಕನ್ನು ಉರಿಸಿದೆ, ಒಂದೇ ಸಮ ಬಾಗಿದ ಎರಡನ್ನು ಉಳಿಸಿದೆ. ಇವತ್ತು ಬೆಳಿಗ್ಗೆ ಅವುಗಳ ಡಾಂಬರು ಕೆರೆದು, ಅಡ್ಡಕ್ಕೆ ಒಂದು ಹಲಗೆ ಕಟ್ಟಿ, ನೆಲದ ಮೇಲಿಟ್ಟು ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿದೆ. ಸದ್ದಿಲ್ಲದೆ ತೂಗಿತು.

ಸಿಗ್ನೆ